ಕತ್ತಲಲ್ಲಿ ಸೈಕಲ್ ಕಾಣಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದು ನಾಲ್ಕು ಸಾಲಿನ ಸುದ್ದಿ ಬರುತ್ತದೆ. 'ಅಪರಿಚಿತ ವಾಹನ ಡಿಕ್ಕಿ: ಸೈಕಲ್ ಸವಾರ ಸಾವು'. ಊರು ಬೇರೆ, ವಯಸ್ಸು ಬೇರೆ, ಉಳಿದದ್ದೆಲ್ಲ ಒಂದೇ. ರಾತ್ರಿ ಹೊತ್ತು, ಇಲ್ಲವೇ ಬೆಳಗಿನ ಜಾವ. ಹಿಂದಿನಿಂದ ಬಂದ ವಾಹನ. ಠಾಣೆಯಲ್ಲಿ ಪ್ರಕರಣ ದಾಖಲು. ಆ ಸೈಕಲ್‌ಗೆ ದೀಪ ಇತ್ತಾ, ಹಿಂದೆ ಕೆಂಪು ರಿಫ್ಲೆಕ್ಟರ್ ಆದರೂ ಇತ್ತಾ ಅನ್ನುವುದು ಆ ಸುದ್ದಿಯಲ್ಲಿ ಇದ್ದದ್ದನ್ನು ನಾನು ನೋಡಿಲ್ಲ. ಅದರ ಬಗ್ಗೆಯೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಮಂಡ್ಯ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಾನೇ ಒಬ್ಬ ಸೈಕಲ್ ಸವಾರನಿಗೆ ಗುದ್ದುವುದರಲ್ಲಿದ್ದೆ. ಡಿಸೆಂಬರ್ ಮೊದಲ ವಾರ ನಮ್ಮ ಕಡೆ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ವಿಶೇಷ ತರಗತಿ ಮುಗಿಸಿ, ಕೋಣೆಗೆ ಬೀಗ ಹಾಕಿ, ಬೈಕ್ ಹತ್ತುವಾಗ ಆರೂಮುಕ್ಕಾಲು. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಹಾಗಾಗಿ ನಾವೆಲ್ಲ ಪಕ್ಕದ ಸರ್ವಿಸ್ ರಸ್ತೆಯಲ್ಲೇ. ಕಬ್ಬು ಕಡಿಯುವ ಕಾಲ ಬೇರೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಪೂರ್ತಿ ಲೈಟ್ ಬಿಟ್ಟುಕೊಂಡು ಬಂತು. ಅದು ದಾಟಿ ಹೋದ ಮೇಲೆ ಎರಡು ಕ್ಷಣ ಕಣ್ಣಿಗೆ ಕಪ್ಪು ಬಿಟ್ಟು ಇನ್ನೇನೂ ಕಾಣಲಿಲ್ಲ. ಕಣ್ಣು ಸರಿಹೋಗುವಷ್ಟರಲ್ಲಿ ಮುಂದಿನ ಚಕ್ರದ ಹತ್ತಿರಕ್ಕೇ ಒಂದು ಸೈಕಲ್ ಬಂದಿತ್ತು. ಬ್ರೇಕ್ ಹಿಡಿದು ಎಡಕ್ಕೆ ಎಳೆದೆ, ಬೈಕ್ ಮಣ್ಣಿಗೆ ಇಳಿದು ಬಿತ್ತು, ನನ್ನ ಮೊಣಕೈ ತರಚಿತು. ಸೈಕಲ್ ಹುಡುಗ ನಿಲ್ಲಿಸಿ ಓಡಿ ಬಂದ.

"ಸಾರ್, ನೀವಾ!"

ಹತ್ತನೇ ಕ್ಲಾಸಿನ ಹುಡುಗ. ಅರ್ಧ ಗಂಟೆ ಹಿಂದೆ ನನ್ನ ಎದುರಿಗೇ ಕೂತು ಪಾಠ ಕೇಳಿದವನು. ನಾನೇ ಕೂರಿಸಿಕೊಂಡು, ನಾನೇ ತಡ ಮಾಡಿ, ನಾನೇ ಕತ್ತಲಿಗೆ ಕಳಿಸಿದ್ದೆ. ಕಡು ನೀಲಿ ಪ್ಯಾಂಟು, ಬೆನ್ನಿಗೆ ಕಪ್ಪು ಬ್ಯಾಗು. ಬಿಳಿ ಅಂಗಿ ಹಾಕಿದ್ದ, ಆದರೆ ಹಿಂದಿನಿಂದ ನೋಡುವವರಿಗೆ ಬ್ಯಾಗು ಅದನ್ನು ಪೂರ್ತಿ ಮುಚ್ಚಿತ್ತು. ಸೈಕಲ್‌ಗೆ ದೀಪ ಇರಲಿಲ್ಲ. ಮಡ್‌ಗಾರ್ಡ್ ಮೇಲೆ ಕೆಂಪು ರಿಫ್ಲೆಕ್ಟರ್ ಇರಬೇಕಾದ ಜಾಗದಲ್ಲಿ ಬರೀ ಒಂದು ತೂತು ಇತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಶಾಲೆಯ ಸೈಕಲ್ ನಿಲ್ದಾಣಕ್ಕೆ ಹೋಗಿ ಒಂದೊಂದೇ ಸೈಕಲ್ ನೋಡಿದೆ. 41 ಸೈಕಲ್ ಇದ್ದವು. ಅಂಗಡಿಯಿಂದ ಕೊಂಡದ್ದು, ಅಣ್ಣನದು ತಮ್ಮನಿಗೆ ಬಂದದ್ದು, ಹಳೇದು ರಿಪೇರಿ ಮಾಡಿಸಿದ್ದು, ಎಲ್ಲ ಥರದ್ದೂ. ಒಂದಕ್ಕೂ ದೀಪ ಇರಲಿಲ್ಲ. ಹಿಂದಿನ ಕೆಂಪು ರಿಫ್ಲೆಕ್ಟರ್ ಒಡೆಯದೆ ಉಳಿದದ್ದು 9 ಸೈಕಲ್‌ಗೆ. ಪೆಡಲ್‌ನ ಹಳದಿ ರಿಫ್ಲೆಕ್ಟರ್ ಎರಡೂ ಕಡೆ ಉಳಿದದ್ದು ನಾಲ್ಕಕ್ಕೆ.

ನಮ್ಮಪ್ಪನ ಸೈಕಲ್ ನೆನಪಾಯಿತು. ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ರಾತ್ರಿ ಹತ್ತಕ್ಕೆ ಬಿಟ್ಟರೆ ಮನೆಗೆ ಬರುವಾಗ ಹನ್ನೊಂದು. ಸೈಕಲ್‌ಗೆ ಡೈನಮೊ ಇತ್ತು. ಬಾಟಲಿ ಆಕಾರದ ಆ ಡೈನಮೊ ತಲೆಯನ್ನು ಟೈರಿಗೆ ಒತ್ತಿಸಿದರೆ ಚಕ್ರದ ಜೊತೆ ಅದೂ ತಿರುಗಿ 6 ವೋಲ್ಟ್, 3 ವಾಟ್ ಕರೆಂಟ್ ಬರುತ್ತಿತ್ತು. ಮುಂದೊಂದು ದೀಪ, ಹಿಂದೊಂದು ಸಣ್ಣ ಕೆಂಪು ದೀಪ. ತುಳಿಯುವುದು ಭಾರ, ಮಳೆ ಬಂದರೆ ಜಾರುತ್ತಿತ್ತು, ನಿಧಾನ ಮಾಡಿದರೆ ದೀಪ ಮಂಕಾಗುತ್ತಿತ್ತು, ನಿಂತರೆ ಆರಿಯೇ ಹೋಗುತ್ತಿತ್ತು. ಆದರೂ ಅಪ್ಪ ಅದನ್ನು ಒಂದು ದಿನವೂ ಬಿಡಲಿಲ್ಲ. ದೀಪ ಇಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು, ಚಕ್ರದ ಗಾಳಿ ಬಿಡುತ್ತಿದ್ದರು. ಆಗ ರಸ್ತೆಯಲ್ಲಿ ಗಂಟೆಗೆ ನಾಲ್ಕು ಲಾರಿ ಬಂದರೆ ಹೆಚ್ಚು. ಈಗ ನಿಮಿಷಕ್ಕೆ ನಾಲ್ಕು ವಾಹನ, ವೇಗ ಎರಡು ಪಟ್ಟು. ದೀಪ ಮಾತ್ರ ಸೈಕಲ್‌ನಿಂದ ಮಾಯ ಆಗಿದೆ. ಬೈಕುಗಳಿಗೆ 2017ರ ಏಪ್ರಿಲ್‌ನಿಂದ ಹಗಲು ಹೊತ್ತಲ್ಲೂ ಹೆಡ್‌ಲೈಟ್ ತಾನಾಗಿ ಉರಿಯಬೇಕು ಅನ್ನುವ ನಿಯಮ ಬಂದಿದೆ. ಸೈಕಲ್ ರಿಫ್ಲೆಕ್ಟರ್‌ಗಳಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟ ಇರಬೇಕು ಅಂತ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಮಾಡಿದೆ. ಒಳ್ಳೆಯದೇ. ಆದರೆ ರಿಫ್ಲೆಕ್ಟರ್ ತಾನಾಗಿ ಉರಿಯುವುದಿಲ್ಲ. ಬೇರೆಯವರ ಲೈಟ್ ಅದರ ಮೇಲೆ ಬಿದ್ದರೆ ಮಾತ್ರ ಹೊಳೆಯುತ್ತದೆ. ಮತ್ತೆ ನಮ್ಮ ಹಳ್ಳಿ ರಸ್ತೆಯಲ್ಲಿ ಆರು ತಿಂಗಳಿಗೆ ಅದು ಒಡೆದು ಹೋಗಿರುತ್ತದೆ.

ಇದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗೆ ಏನೋ ಇದೆ ಅಂತ ಗೊತ್ತಾಗಿ ಬ್ರೇಕ್ ಮೇಲೆ ಕೈ ಬೀಳಲು ಒಂದೂವರೆ ಸೆಕೆಂಡ್ ಹಿಡಿಯಿರಿ, ಅಲ್ಲಿಗೆ 25 ಮೀಟರ್ ಆಯಿತು. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲೇ ಇನ್ನೂ 20 ಮೀಟರ್. ಅಂದರೆ ಸೈಕಲ್ 45 ಮೀಟರ್ ದೂರದಲ್ಲೇ ಕಾಣಬೇಕು. ಕಪ್ಪು ಬಟ್ಟೆ, ಕಪ್ಪು ಬ್ಯಾಗು, ದೀಪ ಇಲ್ಲದ ಸೈಕಲ್ ಅಷ್ಟು ದೂರದಿಂದ ಡಿಮ್ ಲೈಟಿಗೆ ಕಾಣುವುದಿಲ್ಲ. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದಿದ್ದರಂತೂ ಇಲ್ಲವೇ ಇಲ್ಲ. ಸಣ್ಣ ಕೆಂಪು ದೀಪ ಒಂದಿದ್ದರೆ ಇನ್ನೂರು ಮುನ್ನೂರು ಮೀಟರ್ ದೂರದಿಂದಲೇ ಕಾಣುತ್ತದೆ. ಅಷ್ಟು ಅಂತರ ಸಿಕ್ಕರೆ ಎಂಥ ಸವಾರನೂ ಪಕ್ಕಕ್ಕೆ ಸರಿದು ಹೋಗಬಹುದು.

ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಹೇಳುವುದು ಹಿಂದಿನ ಕೆಂಪು ದೀಪ. ಎಲ್ಲರೂ ಮುಂದಿನ ದೀಪವನ್ನೇ ಮೊದಲು ಕೊಳ್ಳುತ್ತಾರೆ, ಯಾಕೆಂದರೆ ಅದು ತಮಗೆ ಕಾಣುತ್ತದೆ. ಹಿಂದಿನದು ಬೇರೆಯವರಿಗೆ ಕಾಣುವುದು, ಆದ್ದರಿಂದ ಮರೆತು ಹೋಗುತ್ತದೆ. ಒಂದೇ ದೀಪಕ್ಕೆ ದುಡ್ಡಿದ್ದರೆ ಹಿಂದಿನದನ್ನೇ ತನ್ನಿ. ನಾನು ತಂದದ್ದಕ್ಕೆ ಒಂದಕ್ಕೆ 120 ರೂಪಾಯಿ ಆಯಿತು. ಮೊಬೈಲ್‌ಗೆ ಹಾಕುವ ಕವರ್‌ಗೂ ಅದಕ್ಕಿಂತ ಜಾಸ್ತಿ ಕೊಡುತ್ತೇವೆ.

ಎಲ್ಲಿ ಕಟ್ಟಬೇಕು ಅನ್ನುವುದೂ ಮುಖ್ಯ. ಅಂಗಡಿಯವರು ಸೀಟಿನ ಕೆಳಗಿನ ಪೈಪಿಗೆ ಕಟ್ಟುತ್ತಾರೆ. ನಮ್ಮ ಸೈಕಲ್‌ಗಳಿಗೆ ಅದು ಸರಿಹೋಗುವುದಿಲ್ಲ, ಯಾಕೆಂದರೆ ನಮ್ಮ ಸೈಕಲ್‌ಗೆ ಕ್ಯಾರಿಯರ್ ಇದೆ, ಕ್ಯಾರಿಯರ್ ಮೇಲೆ ಬ್ಯಾಗು, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಏನಾದರೊಂದು ಇದ್ದೇ ಇರುತ್ತದೆ. ದೀಪ ಅದರ ಮುಂದೆ ಅಡಗಿ ಕೂರುತ್ತದೆ. ಕ್ಯಾರಿಯರ್‌ನ ಕೊನೆಯ ಕಂಬಿಗೆ, ಇಲ್ಲವೇ ಹಿಂದಿನ ಮಡ್‌ಗಾರ್ಡ್‌ಗೆ ಕಟ್ಟಿ. ಕಟ್ಟಿದ ಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತು ಒಮ್ಮೆ ನೋಡಿ. ಹೊರೆ ಹೇರಿಕೊಂಡು ಇನ್ನೊಮ್ಮೆ ನೋಡಿ.

ಮಿನುಗುವ ದೀಪ ಒಳ್ಳೆಯದಾ, ಒಂದೇ ಸಮ ಉರಿಯುವುದು ಒಳ್ಳೆಯದಾ ಅಂತ ಮಕ್ಕಳು ಕೇಳುತ್ತಾರೆ. ಮಿನುಗುವುದು ಬೇಗ ಗಮನ ಸೆಳೆಯುತ್ತದೆ, ಸೆಲ್ ಜಾಸ್ತಿ ದಿನ ಬರುತ್ತದೆ. ಆದರೆ ಬೀದಿ ದೀಪವೇ ಇಲ್ಲದ ರಸ್ತೆಯಲ್ಲಿ ಮಿನುಗು ದೀಪ ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಅಂತ ಹಿಂದಿನವರಿಗೆ ಅಂದಾಜು ಸಿಗುವುದು ಕಷ್ಟ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜರ್ಮನಿಯಲ್ಲಿ ಓದುತ್ತಿದ್ದಾನೆ. ಅಲ್ಲಿ ಸೈಕಲ್‌ಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ, ಮಿನುಗುವ ದೀಪ ಹಾಕುವಂತಿಲ್ಲ, ದೀಪ ಇಲ್ಲದೆ ಸಿಕ್ಕಿಬಿದ್ದರೆ 20 ಯೂರೊ ದಂಡ. ನಮ್ಮ ಹಳ್ಳಿ ಕಡೆಗೂ ಒಂದೇ ಸಮ ಉರಿಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಎರಡು ದೀಪ ಇದ್ದರೆ ಒಂದನ್ನು ಮಿನುಗಿಸಿ.

ಮುಂದಿನ ದೀಪಕ್ಕೆ ಬರುತ್ತೇನೆ. ಇಲ್ಲಿ ದೀಪದ ಕೆಲಸ ಎರಡು. ಮಂಡ್ಯ ಪೇಟೆ ಒಳಗೆ, ಬೀದಿ ದೀಪ ಇರುವ ಕಡೆ, ನೀವು ಎದುರಿನವರಿಗೆ ಕಂಡರೆ ಸಾಕು. ಊರಾಚೆ ನಾಲೆ ಏರಿ ಮೇಲೆ ಹೋಗುವವರಿಗೆ ದಾರಿಯೂ ಕಾಣಬೇಕು. ನಾಲೆ ಏರಿಗೆ ಎಷ್ಟೋ ಕಡೆ ತಡೆಗೋಡೆ ಇಲ್ಲ. ಬಣ್ಣ ಬಳಿಯದ ಹಂಪ್ಸ್ ಇವೆ. ಸುಗ್ಗಿ ಹೊತ್ತಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಒಕ್ಕಣೆ ಹಾಕಿ, ಕಾವಲಿಗೆ ದಪ್ಪ ಕಲ್ಲು ಇಟ್ಟು, ಸಂಜೆ ಕಲ್ಲನ್ನು ಅಲ್ಲೇ ಬಿಟ್ಟು ಹೋಗಿರುತ್ತಾರೆ. ಸೈಕಲ್ ಕಲ್ಲಿಗೆ ಹೊಡೆದರೆ ನೇರ ಮುಖದ ಮೇಲೆ ಬೀಳುವುದು. ದೀಪ ಎಷ್ಟು ಬೆಳಕು ಕೊಡುತ್ತದೆ ಅನ್ನುವುದನ್ನು ಲುಮೆನ್ ಲೆಕ್ಕದಲ್ಲಿ ಹೇಳುತ್ತಾರೆ. ಬೀದಿ ದೀಪ ಇದ್ದರೆ 200 ಲುಮೆನ್ ಸಾಕು, ಊರಾಚೆಗೆ 400 ಇದ್ದರೆ ಒಳ್ಳೆಯದು. ಡಬ್ಬದ ಮೇಲೆ ಸಾವಿರಗಟ್ಟಲೆ ಬರೆದ ಅಗ್ಗದ ದೀಪಗಳನ್ನು ನಂಬಬೇಡಿ, ಅಂಗಡಿಯಲ್ಲೇ ಉರಿಸಿ ನೋಡಿ. ದೀಪದ ಮೂತಿ ಸ್ವಲ್ಪ ಕೆಳಗೆ ಬಾಗಿರಬೇಕು, ಬೆಳಕು ಎಂಟು ಹತ್ತು ಮೀಟರ್ ಮುಂದೆ ನೆಲದ ಮೇಲೆ ಬೀಳಬೇಕು. ನೇರ ಹಿಡಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಟ್ರ್ಯಾಕ್ಟರ್ ನನಗೆ ಮಾಡಿದ್ದನ್ನೇ ನಾವು ಇನ್ನೊಬ್ಬರಿಗೆ ಮಾಡಿದ ಹಾಗಾಗುತ್ತದೆ.

ಮೊಬೈಲ್ ಟಾರ್ಚ್ ಇದೆಯಲ್ಲ ಸಾರ್ ಅಂತ ಹುಡುಗರು ಹೇಳುತ್ತಾರೆ. ಒಂದು ಕೈಯಲ್ಲಿ ಮೊಬೈಲ್, ಒಂದು ಕೈಯಲ್ಲಿ ಹ್ಯಾಂಡಲ್, ಕೆಲವರು ಬಾಯಲ್ಲಿ ಕಚ್ಚಿಕೊಂಡೂ ಹೋಗುತ್ತಾರೆ. ದಯವಿಟ್ಟು ಇದನ್ನು ಬಿಡಿಸಿ. ಒಂದೇ ಬ್ರೇಕ್ ಕೈಗೆ ಸಿಗುತ್ತದೆ, ಗುಂಡಿ ಬಂದರೆ ಹ್ಯಾಂಡಲ್ ತಿರುಗಿಬಿಡುತ್ತದೆ. ಮೊಬೈಲ್ ಬೆಳಕು ಅಗಲಕ್ಕೆ ಹರಡಿಕೊಳ್ಳುತ್ತದೆ, ದೂರಕ್ಕೆ ಹೋಗುವುದಿಲ್ಲ. ಹಿಂದಿನಿಂದ ಬರುವವರಿಗಂತೂ ಅದರಿಂದ ಏನೂ ಉಪಯೋಗ ಇಲ್ಲ.

ಸೆಲ್ ದೀಪ ಬೇಕಾ, ಚಾರ್ಜ್ ಮಾಡುವ ದೀಪ ಬೇಕಾ? ನಾನು ಮೊದಲು ಬಟನ್ ಸೆಲ್ ಹಾಕುವ ದೀಪ ತಂದಿದ್ದೆ. ಎರಡು ತಿಂಗಳಿಗೆ ಸೆಲ್ ಮುಗಿದವು, ಹಳ್ಳಿ ಅಂಗಡಿಯಲ್ಲಿ ಆ ಸೆಲ್ ಸಿಗಲಿಲ್ಲ, ದೀಪಗಳು ಸುಮ್ನೆ ಸೈಕಲ್ ಮೇಲೆ ಕೂತವು. ಅದು ನನ್ನ ತಪ್ಪು. ಆಮೇಲೆ ಮೊಬೈಲ್ ಚಾರ್ಜರ್‌ಗೇ ಹಾಕುವಂಥದ್ದು ತಂದೆ. ಭಾನುವಾರ ಒಂದು ಸಲ ಚಾರ್ಜ್ ಮಾಡಿದರೆ ದಿನಕ್ಕೆ ಅರ್ಧ ಗಂಟೆಯಂತೆ ವಾರ ಪೂರ್ತಿ ಬರುತ್ತದೆ. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಹೋಗಿ ಕೆಡುತ್ತದೆ. ಕಳ್ಳತನ ಆಗದ ಹಾಗೆ ತರಗತಿಗೆ ಬರುವಾಗ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುವುದು ಮಕ್ಕಳಿಗೆ ಅಭ್ಯಾಸ ಆಗಿದೆ.

ಈಗ ರೇಡಿಯಂ ವಿಷಯ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗೆ ನಮ್ಮಲ್ಲಿ ಎಲ್ಲರೂ ರೇಡಿಯಂ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅದರಲ್ಲಿ ಇರುವುದು ಸಣ್ಣ ಸಣ್ಣ ಗಾಜಿನ ಹರಳು ಅಥವಾ ಪಟ್ಟಕದಂಥ ಗುಳಿಗಳು, ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತವೆ. ಆದ್ದರಿಂದ ಲೈಟ್ ಬಿಟ್ಟವನ ಕಣ್ಣಿಗೇ ಅದು ಹೊಳೆಯುವುದು. ನಂಬರ್ ಪ್ಲೇಟ್ ಬರೆಯುವ ಅಂಗಡಿಯಲ್ಲಿ ರೇಡಿಯಂ ಕೊಡಿ ಅಂದರೆ ಎರಡು ಥರದ್ದು ಕೊಡುತ್ತಾರೆ. ಒಂದು ನಿಜವಾಗಿ ಬೆಳಕು ವಾಪಸ್ ಕಳಿಸುವುದು. ಇನ್ನೊಂದು ಬರೀ ಹೊಳಪಿನ ಬಣ್ಣದ ಸ್ಟಿಕ್ಕರ್, ಕತ್ತಲಲ್ಲಿ ಅದು ಇದ್ದೂ ಇಲ್ಲದ ಹಾಗೆ. ಪರೀಕ್ಷೆ ಮಾಡುವುದು ಸುಲಭ. ಮೊಬೈಲ್ ಟಾರ್ಚ್ ಹಚ್ಚಿ, ಕಣ್ಣಿನ ಪಕ್ಕಕ್ಕೇ ಹಿಡಿದುಕೊಂಡು, ಹತ್ತು ಹೆಜ್ಜೆ ದೂರದಿಂದ ಪಟ್ಟಿಯನ್ನು ನೋಡಿ. ಅಸಲಿ ಆದರೆ ದೀಪ ಹತ್ತಿಕೊಂಡ ಹಾಗೆ ಬೆಳಗುತ್ತದೆ. ಲಾರಿಗಳಿಗೆ ಅಂಟಿಸುವ ಜೇನುಗೂಡಿನ ಗೆರೆ ಇರುವ ಪಟ್ಟಿ ಸಿಕ್ಕರೆ ಅದೇ ತನ್ನಿ, ಗಟ್ಟಿ ಬಾಳಿಕೆ. ಲಾರಿಗಳ ಹಾಗೇ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಹಾಕಿ. ಪಕ್ಕ ಯಾಕೆ ಅಂದರೆ, ಅಡ್ಡ ರಸ್ತೆಯಿಂದ ದಾಟುವಾಗ ಮುಂದಿನ ದೀಪವೂ ಕಾಣುವುದಿಲ್ಲ, ಹಿಂದಿನದೂ ಕಾಣುವುದಿಲ್ಲ. ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಸುವ ರಿಫ್ಲೆಕ್ಟರ್ ಇದ್ದರೆ ಅದು ತಿರುಗುತ್ತಾ ಹೊಳೆಯುತ್ತದೆ, ನೋಡಿದ ತಕ್ಷಣ ಸೈಕಲ್ ಅಂತ ಗೊತ್ತಾಗುತ್ತದೆ.

ಅದೇ ಕಾರಣಕ್ಕೆ ಪೆಡಲ್ ರಿಫ್ಲೆಕ್ಟರ್ ಬಗ್ಗೆ ನಾನು ಇಷ್ಟು ಹೇಳುವುದು. ಕಾಲಿನ ಜೊತೆ ಅದು ಮೇಲೆ ಕೆಳಗೆ ಆಡುತ್ತದೆ. ಕತ್ತಲಲ್ಲಿ ಸುಮ್ಮನೆ ನಿಂತ ಒಂದು ಹೊಳಪು ಏನು ಬೇಕಾದರೂ ಆಗಿರಬಹುದು, ಮೈಲಿಗಲ್ಲೂ ಇರಬಹುದು. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡರೆ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ ಅಂತ ಮಿದುಳಿಗೆ ತಕ್ಷಣ ಹೊಳೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, 2012ರಲ್ಲಿ ಅದು ಪ್ರಕಟ ಆಯಿತು. ರಾತ್ರಿ ಕಾರು ಓಡಿಸುವವರಿಗೆ ದಾರಿಯಲ್ಲಿ ಸೈಕಲ್ ಸವಾರರು ಕಂಡರಾ ಅಂತ ನೋಡಿದರು. ಕಪ್ಪು ಬಟ್ಟೆಯವರನ್ನು ಗುರುತಿಸಿದ್ದು ಶೇ 2ರಷ್ಟು ಸಲ ಮಾತ್ರ. ಕಣ್ಣಿಗೆ ಹೊಡೆಯುವ ಹಸಿರು ಹಳದಿಯ ಜಾಕೆಟ್ ಹಾಕಿದವರನ್ನು ಶೇ 15. ಹೊಳೆಯುವ ಪಟ್ಟಿ ಇರುವ ಜಾಕೆಟ್ ಆದರೆ ಶೇ 50. ಆ ಜಾಕೆಟ್ ಜೊತೆ ಕಣಕಾಲಿಗೂ ಮಂಡಿಗೂ ಪಟ್ಟಿ ಕಟ್ಟಿದವರನ್ನು ಶೇ 90. ಹಗಲು ಅಷ್ಟು ಎದ್ದು ಕಾಣುವ ಜಾಕೆಟ್ ರಾತ್ರಿ ಯಾಕೆ ಸೋತಿತು ಅಂದರೆ, ಆ ಬಣ್ಣ ಮಿಂಚುವುದಕ್ಕೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬೇಕು. ಹೆಡ್‌ಲೈಟ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಜಾಕೆಟ್ ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ, ಬೆಳ್ಳಿ ಬಣ್ಣದ ಪಟ್ಟಿ ಎಷ್ಟಿದೆ ನೋಡಿ.

ಈ ಶೇ 90ರ ಲೆಕ್ಕ ಓದಿದ ಮೇಲೆ ನಾನು ನಮ್ಮೂರ ಟೈಲರ್ ಹತ್ತಿರ ಹೋದೆ. ಎರಡು ಇಂಚು ಅಗಲದ ಬೆಳ್ಳಿ ಪಟ್ಟಿಯ ಒಂದು ರೋಲ್ ತಂದು ಕೊಟ್ಟೆ. ಅವರು ಪ್ರತಿ ಬ್ಯಾಗಿನ ಹಿಂದೆ ಒಂದು ಅಡ್ಡ ಪಟ್ಟಿ ಹೊಲಿದರು. ಉಳಿದದ್ದರಲ್ಲಿ ಕಣಕಾಲಿಗೆ ಕಟ್ಟುವ ಬ್ಯಾಂಡ್ ಮಾಡಿದರು, ಅಂಟಿಸಿ ಬಿಚ್ಚುವ ಪಟ್ಟಿ ಹಾಕಿ. ಬ್ಯಾಗಿಗೆ ಹತ್ತು ರೂಪಾಯಿ ಕೂಲಿ ಹೇಳಿದವರು ಕೊನೆಗೆ ಅದನ್ನೂ ತೆಗೆದುಕೊಳ್ಳಲಿಲ್ಲ, ಅವರ ಮೊಮ್ಮಗಳೂ ನಮ್ಮ ಶಾಲೆಯೇ. ಬಟ್ಟೆಗೆ ಸ್ಟಿಕ್ಕರ್ ಅಂಟಿಸಬೇಡಿ, ಮೊದಲ ಒಗೆತಕ್ಕೇ ಬಿಟ್ಟುಕೊಳ್ಳುತ್ತದೆ. ಹೊಲಿದ ಪಟ್ಟಿ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ, ಸುಟ್ಟು ಹೋಗುತ್ತದೆ. ಕಣಕಾಲ ಬ್ಯಾಂಡಿನಿಂದ ಇನ್ನೊಂದು ಉಪಯೋಗ ಆಯಿತು. ಪ್ಯಾಂಟಿನ ತುದಿ ಚೈನಿಗೆ ಸಿಕ್ಕುವುದು ನಿಂತಿತು. ಹೆಣ್ಣುಮಕ್ಕಳು ವೇಲ್ ಅನ್ನು ಎರಡೂ ಕಡೆ ಪಿನ್ ಮಾಡಿ ಸೊಂಟಕ್ಕೆ ಕಟ್ಟಿಕೊಳ್ಳಲೇಬೇಕು, ಅದು ಹಿಂದಿನ ಚಕ್ರಕ್ಕೆ ಸುತ್ತಿಕೊಂಡರೆ ಹಗಲಾದರೂ ಅಪಾಯವೇ.

ಹೆಲ್ಮೆಟ್ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಬೈಕಿಗೆ ಇರುವ ಹಾಗೆ ಸೈಕಲ್‌ಗೆ ಹೆಲ್ಮೆಟ್ ಕಾನೂನು ಇಲ್ಲ. ಇರಲಿ ಇಲ್ಲದಿರಲಿ, ತಲೆ ಒಂದೇ ಅಲ್ವಾ. ಸೈಕಲ್ ಹೆಲ್ಮೆಟ್ ಹಗುರ, ಗಾಳಿ ಆಡುತ್ತದೆ, ಕಿವಿ ಮುಚ್ಚುವುದಿಲ್ಲ. ಗದ್ದದ ಕೆಳಗಿನ ಪಟ್ಟಿ ಬಿಗಿ ಮಾಡದಿದ್ದರೆ ಹಾಕಿಯೂ ಪ್ರಯೋಜನ ಇಲ್ಲ. ಆದರೆ ಎಂಟುನೂರು ಸಾವಿರ ಕೊಟ್ಟು ಹೆಲ್ಮೆಟ್ ತರುವುದು ನಮ್ಮ ಶಾಲೆಯ ಎಲ್ಲ ಮನೆಗೂ ಆಗುವುದಿಲ್ಲ, ಅದು ನನಗೆ ಗೊತ್ತು. ಅಲ್ಲಿಯವರೆಗೆ ದೀಪ ಮತ್ತು ರೇಡಿಯಂ ಆದರೂ ಇರಲಿ.

ಬೆಲ್ಲು, ಬ್ರೇಕು ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತ್ರ ಸೇರಿಸುತ್ತೇನೆ, ರಿಮ್ ಒದ್ದೆಯಾಗಿದ್ದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮಳೆಗಾಲದ ಸಂಜೆ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ತುಳಿಯಿರಿ. ಇನ್ನು ನಮ್ಮ ಗದ್ದೆ ಬಯಲಲ್ಲಿ ಸಂಜೆ ಹುಳಗಳ ಕಾಟ. ದೀಪ ಇದ್ದರೆ ಹುಳ ಇನ್ನೂ ಹತ್ತಿರ ಬರುತ್ತವೆ, ಕಣ್ಣಿಗೆ ಒಂದು ಹೊಕ್ಕರೆ ಎರಡೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತವೆ. ಬಣ್ಣ ಇಲ್ಲದ ಗಾಜಿನ ಒಂದು ಸಾದಾ ಕನ್ನಡಕ ಇದ್ದರೆ ಸಾಕು.

ಇಷ್ಟೆಲ್ಲ ಭಾರ ಸೈಕಲ್ ಸವಾರನ ಮೇಲೆಯೇ ಯಾಕೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ವೇಗವಾಗಿ ಬರುವವನು ನಿಧಾನ ಮಾಡಬೇಕು. ಎದುರಿಗೆ ವಾಹನ ಬಂದಾಗ ಡಿಮ್ ಮಾಡಬೇಕು. ಕಬ್ಬು ತುಂಬಿದ ಟ್ರೇಲರ್ ಹಿಂದೆ ಕೆಂಪು ದೀಪ ಕಾಣುವ ಹಾಗಿರಬೇಕು. ಸರ್ವಿಸ್ ರಸ್ತೆಯಲ್ಲಿ ದೀಪ ಉರಿಯಬೇಕು, ಹಂಪ್ಸ್‌ಗೆ ಬಣ್ಣ ಬಳಿಯಬೇಕು. ಇವೆಲ್ಲ ಆಗಲೇಬೇಕು, ಇದಕ್ಕಾಗಿ ನಾನು ಎರಡು ಅರ್ಜಿಯನ್ನೂ ಕೊಟ್ಟಿದ್ದೇನೆ. ಆದರೆ ಅರ್ಜಿ ಕೊಟ್ಟ ದಿನ ಸಂಜೆಯೂ ಆ ಹುಡುಗ ಅದೇ ರಸ್ತೆಯಲ್ಲಿ ಮನೆಗೆ ಹೋಗಬೇಕಿತ್ತು. ಆವತ್ತು ನನ್ನ ಕೈಯಲ್ಲಿ ಆಗುವುದು ಏನಿತ್ತೋ ಅದನ್ನು ಮಾಡಿದೆ.

ಮೊದಲು ಮಾಡಿದ್ದು ಹೊತ್ತು ಬದಲಾಯಿಸಿದ್ದು. ಡಿಸೆಂಬರ್, ಜನವರಿಯಲ್ಲಿ ವಿಶೇಷ ತರಗತಿಯ ಅರ್ಧವನ್ನು ಬೆಳಿಗ್ಗೆಗೆ ಹಾಕಿ, ಸಂಜೆಯದನ್ನು ಐದೂವರೆಗೆ ಮುಗಿಸುತ್ತಿದ್ದೇವೆ. ಬೇರೆ ಶಾಲೆಯವರೂ ದಯವಿಟ್ಟು ಇದನ್ನು ಯೋಚಿಸಿ. ಐದೂವರೆಗೆ ಬಿಟ್ಟರೂ ಆರು ಕಿ.ಮೀ. ದೂರದ ಮಕ್ಕಳಿಗೆ ದಾರಿಯಲ್ಲೇ ಕತ್ತಲಾಗುತ್ತದೆ. ಅದಕ್ಕೆ ದೀಪ. ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಹಾಕಿದರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಸ್ವಲ್ಪ, ಉಳಿದದ್ದು ನಾವು ಶಿಕ್ಷಕರು. ಹಿಂದಿನ ದೀಪ, ಮುಂದಿನ ದೀಪ, ರೇಡಿಯಂ, ಕಣಕಾಲ ಬ್ಯಾಂಡು, ಎಲ್ಲ ಸೇರಿ ಒಂದು ಸೈಕಲ್‌ಗೆ 450 ರೂಪಾಯಿ ಒಳಗೇ ಮುಗಿಯಿತು.

ಇದರಿಂದ ಆದ ಒಂದು ವಿಷಯ ನಾನು ಮೊದಲು ಅಂದುಕೊಂಡೇ ಇರಲಿಲ್ಲ. ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ವಿಶೇಷ ತರಗತಿಯಲ್ಲಿ ಹೆಣ್ಣುಮಕ್ಕಳ ಬೆಂಚು ಖಾಲಿ ಆಗುತ್ತಿತ್ತು. ಮನೆಗೆ ಹೋಗಿ ಕೇಳಿದರೆ ತಾಯಂದಿರು ಹೇಳುವುದು ಒಂದೇ. "ಮೇಷ್ಟ್ರೇ, ಓದೋದು ಬ್ಯಾಡ ಅಂತ ನಾವು ಅಂತಿಲ್ಲ, ಕತ್ತಲಾಗೋಕೆ ಮುಂಚೆ ಮಗಳು ಮನೇಲಿರಬೇಕು." ಅವರ ಭಯ ಸುಳ್ಳಲ್ಲ. ಅದು ಬರೀ ವಾಹನದ ಭಯವೂ ಅಲ್ಲ, ಅದು ನನಗೆ ಅರ್ಥ ಆಗುತ್ತದೆ. ದೀಪ ಕಟ್ಟಿದ ಮೇಲೆ ಒಂದೊಂದು ಊರಿನ ನಾಲ್ಕೈದು ಮಕ್ಕಳು ಒಂದೇ ಸಾಲಿನಲ್ಲಿ ಹೋಗುವ ವ್ಯವಸ್ಥೆ ಮಾಡಿದೆವು. ಮುಂದಿನವಳ ಮುಂದೀಪ, ಕೊನೆಯವಳ ಹಿಂದೀಪ ಎಲ್ಲಕ್ಕಿಂತ ಜೋರಾಗಿರುತ್ತದೆ. ಕೆರೆ ಏರಿ ದಾಟುವಾಗಲೇ ಊರಿನಿಂದ ಆ ದೀಪಗಳ ಸಾಲು ಕಾಣುತ್ತದೆ. ಒಬ್ಬ ತಾಯಿ ನನಗೆ ಹೇಳಿದರು, ಈಗ ಜಗಲಿ ಮೇಲೆ ನಿಂತು ದೀಪ ಎಣಿಸುತ್ತೇನೆ, ಐದೂ ಕಂಡರೆ ಒಲೆ ಮೇಲೆ ಕಾಫಿಗೆ ಇಡುತ್ತೇನೆ ಅಂತ. ಆ ವರ್ಷ ಜನವರಿಯಲ್ಲಿ ಹೆಣ್ಣುಮಕ್ಕಳ ಬೆಂಚು ತುಂಬಿತ್ತು.

2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾದಾಗ ಹೆಣ್ಣುಮಕ್ಕಳು ಹೈಸ್ಕೂಲಿಗೆ ಬರುವುದು ಹೇಗೆ ಸುಲಭ ಆಯಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಆ ಯೋಜನೆ ಮತ್ತೆ ಬರಬೇಕು ಅಂತ ಎಷ್ಟೋ ಜನ ಕೇಳುತ್ತಿದ್ದಾರೆ, ನಾನೂ ಕೇಳುತ್ತೇನೆ. ಬರುವುದಾದರೆ ಪಂಪು, ಬೆಲ್ಲು, ಬೀಗದ ಜೊತೆ ಎರಡು ದೀಪವನ್ನೂ ಟೆಂಡರಿನಲ್ಲೇ ಸೇರಿಸಲಿ. ಲಕ್ಷಗಟ್ಟಲೆ ಒಟ್ಟಿಗೆ ಕೊಂಡರೆ ದೀಪದ ಬೆಲೆ ನಾನು ಕೊಟ್ಟದ್ದರಲ್ಲಿ ಅರ್ಧವೂ ಆಗುವುದಿಲ್ಲ. ಅಂಗಡಿಯವರಲ್ಲೂ ಒಂದು ವಿನಂತಿ. ಹೊಸ ಸೈಕಲ್ ಮಾರುವಾಗ ಸ್ಟ್ಯಾಂಡು, ಸೀಟು ಕವರು, ಹ್ಯಾಂಡಲ್‌ಗೆ ಬಣ್ಣದ ಗೊಂಡೆ ಬೇಕಾ ಅಂತ ಕೇಳುತ್ತೀರಿ. ದೀಪ ಬೇಕಾ ಅಂತಲೂ ಕೇಳಿ. ಎಷ್ಟೋ ತಂದೆತಾಯಿಗೆ ಅಂಥದ್ದೊಂದು ಸಿಗುತ್ತದೆ ಅನ್ನುವುದೇ ಗೊತ್ತಿಲ್ಲ.

ಕೊನೆಗೆ ನಿಮ್ಮಲ್ಲೇ ಒಂದು ಮಾತು, ಸಂಪಾದಕರೇ. ನಮ್ಮ ಬೀದಿಗೆ ಪತ್ರಿಕೆ ಹಾಕುವ ಹುಡುಗ ಬೆಳಿಗ್ಗೆ ಐದಕ್ಕೇ ಸೈಕಲ್ ಹತ್ತುತ್ತಾನೆ. ಚಳಿಗಾಲದಲ್ಲಿ ಐದಕ್ಕೆ ಗವ್ವೆನ್ನುವ ಕತ್ತಲು, ಮೇಲೆ ಮಂಜು. ಕ್ಯಾರಿಯರ್ ಮೇಲೆ ಪತ್ರಿಕೆಯ ಕಟ್ಟು ಅವನ ಬೆನ್ನಿನ ಎತ್ತರಕ್ಕೆ ಇರುತ್ತದೆ. ಸೈಕಲ್ ಸವಾರ ಸತ್ತ ಸುದ್ದಿಯನ್ನೂ ಅವನೇ ಹೊತ್ತು ತರುತ್ತಾನೆ. ಕಳೆದ ತಿಂಗಳು ಅವನ ಕ್ಯಾರಿಯರ್ ತುದಿಗೆ ನಾನೇ ಒಂದು ಕೆಂಪು ದೀಪ ಕಟ್ಟಿದೆ, ಬೆನ್ನಿಗೆ ಪಟ್ಟಿ ಇರುವ ಒಂದು ಜಾಕೆಟ್ ಕೊಟ್ಟೆ. ಅವನ ಜೊತೆ ಬಸ್ ನಿಲ್ದಾಣದ ಹತ್ತಿರ ಪತ್ರಿಕೆ ಎಣಿಸಿಕೊಳ್ಳುವ ಹುಡುಗರು ಇನ್ನೂ ಹನ್ನೊಂದು ಜನ ಇದ್ದಾರೆ, ಒಬ್ಬರ ಸೈಕಲ್‌ಗೂ ದೀಪ ಇಲ್ಲ. ನಮ್ಮ ತಾಲ್ಲೂಕಿನಲ್ಲೇ ಇಷ್ಟು ಜನ ಅಂದರೆ ರಾಜ್ಯದಲ್ಲಿ ಎಷ್ಟಿರಬಹುದು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸೆಪ್ಟೆಂಬರ್ 4ಕ್ಕೆ ಪತ್ರಿಕಾ ವಿತರಕರ ದಿನ ಬರುತ್ತದೆ. ಆವತ್ತು ಶಾಲು, ಹಾರದ ಜೊತೆ ಅವರ ಒಂದೊಂದು ಸೈಕಲ್‌ಗೂ ಹಿಂದೆ ಮುಂದೆ ದೀಪ ಕಟ್ಟಿಸಿಕೊಡಿ. ಮಂಡ್ಯದ ಹನ್ನೊಂದು ಸೈಕಲ್‌ಗೆ ಕಟ್ಟುವ ಕೆಲಸ ನಮ್ಮ ಶಾಲೆಯ ಮಕ್ಕಳು ಮಾಡುತ್ತಾರೆ, ಅವರಿಗೆ ಈಗ ಕೈ ಪಳಗಿದೆ. ದೀಪ ಕಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕ
ಮಂಡ್ಯ ತಾಲ್ಲೂಕು